ಚಕ್ರವಿಲ್ಲದ ಬಸ್ಸು

ಎಂಟೂ ಇಪ್ಪತ್ತಕ್ಕೆ ನೇರಲಕೊಪ್ಪ ಬಿಡುತ್ತದೆ ನನ್ನ ಬಸ್ಸು.
ಚಕ್ರ ಇಲ್ಲ, ಡೀಸೆಲ್ ಇಲ್ಲ,
ಡ್ರೈವರ್ ಬಂದಿಲ್ಲ ಅನ್ನೋ ತಾಪತ್ರಯ ಇಲ್ಲ.
ಇಪ್ಪತ್ತೆರಡು ಕಾಲು, ಹನ್ನೊಂದು ಬ್ಯಾಗು,
ಕೊನೆಗೆ ಹುಚ್ಚಪ್ಪ, ಅಂದರೆ ನಾನು,
ಸಾಗರ-ಸೊರಬ ಲೈನಿನಲ್ಲಿ ಇಪ್ಪತ್ತೊಂಬತ್ತು ವರ್ಷ
ಫುಟ್‌ಬೋರ್ಡಿನ ಮೇಲೇ ಮುದುಕನಾದವನು.

ಸೀಟಿ ಹಳೆಯದೇ. ಒಳಗಿನ ಗುಂಡು ಸವೆದು
ಸ್ವಲ್ಪ ಉಬ್ಬಸದ ದನಿ.
ಒಂದು ಸಲ ಊದಿದರೆ ಹೋಲ್ಡಾನ್,
ಎರಡು ಸಲಕ್ಕೆ ರೈಟ್.
ಟಿಕೆಟ್ಟು ಹಲಸಿನೆಲೆ, ತಲೆಗೊಂದು.
ಶಾಲೆ ಗೇಟಲ್ಲಿ ವಾಗ್ದೇವಿ ಟೀಚರ್ ಎಣಿಸಿಕೊಳ್ಳುತ್ತಾರೆ;
ಹನ್ನೊಂದು ಬಂದರೆ ಆ ದಿನದ ಟ್ರಿಪ್ಪು ಸರಿ.

ಕೆರೆ ಏರಿಯ ಮೇಲೆ ಕೈ ಕೈ ಹಿಡಿಯಬೇಕು.
ಟಾರು ರಸ್ತೆಗೆ ಬಂದಮೇಲೆ ಬಲಗಡೆ,
ಎದುರಿಗೆ ಬರೋದು ಕಣ್ಣಿಗೆ ಬೀಳೋ ಕಡೆ.
"ಎಲ್ಲಾ ಎಡಗಡೆ ಹೋಗ್ತಾರಲ್ಲ ಅಜ್ಜ?" ಅಫ್ರೀನಳ ತಕರಾರು.
ಚಕ್ರ ಇದ್ದೋರು ಎಡ ಕಣೇ, ಕಾಲಿನವರು ಬಲ.
ಬೆನ್ನಿಗೆ ಕಣ್ಣಿಲ್ಲ ನೋಡು.
ಅವಳು ತಿರುಗಿ ಬ್ಯಾಗು ತೋರಿಸಿದಳು,
ಅದರ ಮೇಲೆ ಕಣ್ಣು ಬಿಟ್ಟ ಗೂಬೆ.
"ನನ್ನ ಬೆನ್ನಿಗಿದೆ."
ಏನು ಹೇಳ್ತೀರಿ.

ಮೆಲ್ವಿನ್ ಒಬ್ಬನದು ಬೇರೆ ಕಥೆ.
ಚಗಳಿ ಗೂಡು, ಹಾವು ಬಿಟ್ಟ ಪೊರೆ,
ಒಡಕು ಮೋರಿಯಲ್ಲಿ ಏಡಿ,
ಎಲ್ಲವೂ ಅವನಿಗೆ ಕೋರಿಕೆಯ ನಿಲುಗಡೆ.
ಬೈಯೋದಿಲ್ಲ. ಎಕ್ಸ್‌ಪ್ರೆಸ್ಸಲ್ಲ ಇದು, ಶಟಲ್.

ಒಂದು ಮಾತು ಮಕ್ಕಳಿಗೆ ಹೇಳಿಲ್ಲ.
ನಮ್ಮ ಬಸ್ಸಿಗೂ ಹಿಂದಿನದಕ್ಕೂ ನಾಲ್ಕೇ ನಿಮಿಷ.
ಮುಂದಿನ ಸ್ಟಾಪಿನ ಜನ ಅವನಿಗೆ ಹತ್ತಿದರೆ
ಸಂಜೆ ಕಲೆಕ್ಷನ್ ಕೊಡುವಾಗ ಓನರ್ ಮುಖ ನೋಡಲಾಗದು.
ಅವತ್ತು ಸೇತುವೆ ತಿರುವಲ್ಲಿ ಒಬ್ಬ ಹುಡುಗ,
ಸೀಟಿನಿಂದ ಕಾಲು ಎಟುಕದೆ ಒಳಪೆಡಲು ಹೊಡೆಯುತ್ತಿದ್ದ.
ಡ್ರೈವರ್ ಬ್ರೇಕಿಗೆ ಕಾಲಿಟ್ಟ.
ನಾನು ಬಾಗಿಲ ತಗಡು ಬಡಿದೆ: ರೈಟ್ ರೈಟ್ ರೈಟ್.
ಚರಂಡಿಗೆ ಬಿದ್ದ. ಎದ್ದ, ನೋಡಿದೆ, ಎದ್ದ.
ಪುಸ್ತಕ ಒಂದೊಂದೇ ಹೆಕ್ಕುತ್ತಿದ್ದ.
ಹೆಸರು ಕೇಳಲಿಲ್ಲ.
ನಿಂತಿದ್ದರಲ್ಲವೇ ಕೇಳೋದು.

ಈ ಜೂನಿಗೆ ರಂಜಿತಾಗೆ ಎಂಟನೇ ಕ್ಲಾಸು.
ಸೋದರಮಾವನ ಹಳೇ ಸೈಕಲ್ಲು ಬಂತು, ಹೊಸ ಬೆಲ್ಲಿನ ಸಮೇತ.
"ಇನ್ನು ನಿನ್ನ ಬಸ್ಸು ಬೇಡ ಅಜ್ಜ."
ಸರಿ ಅಂದೆ. ಭಾನುವಾರ ಪೂರ್ತಿ ಶಾಲೆ ಬಯಲಲ್ಲಿ ಡ್ಯೂಟಿ.
ಬ್ರೇಕು ಹಿಡಿದು ತಳ್ಳಿ ನೋಡು, ಆಮೇಲೆ ಹತ್ತು.
ವೇಲು ಬಿಗಿಯಾಗಿ ಗಂಟು ಹಾಕು, ಚೈನಿಗೆ ಹಸಿವು ಜಾಸ್ತಿ.
ಕೊಡೆ ಹಿಡಿದು ಒಂಟಿ ಕೈಯಲ್ಲಿ ಬೇಡ;
ನೆನೆದರೆ ಒಣಗ್ತೀಯ.
ತಿರುಗೋ ಮೊದಲು ಹಿಂದೆ ನೋಡು, ಕೈ ಚಾಚು.
ಪೂರ್ತಿ ಚಾಚು ಮಾರಾಯ್ತಿ,
ನಾಚಿಕೊಂಡು ಮೊಳಕೈ ತನಕ ಅಲ್ಲ.

ಸೋಮವಾರ ಹತ್ತೇ ಎಲೆ ಕಿತ್ತೆ.
ಬೆಲ್ಲು ಬಾರಿಸುತ್ತಾ ಅವಳು ನಮ್ಮನ್ನು ದಾಟಿದಳು.
ಅದೇ ಸೇತುವೆ ತಿರುವು.
ಹಿಂದಿನಿಂದ ನನ್ನದೇ ಹಳೇ ಬಸ್ಸು, ಬಣ್ಣ ಬೇರೆ,
ಬಾಗಿಲಲ್ಲಿ ನೇತಾಡುವ ಹುಡುಗನ ಅಂಗೈ
ತಗಡಿನ ಕಡೆಗೆ ಏಳುತ್ತಿದೆ.
ಸೀಟಿ ತಾನಾಗಿ ಬಾಯಿಗೆ ಬಂತು.
ಒಂದೇ ಸಲ. ಉಸಿರು ಮುಗಿಯುವ ತನಕ.

ಹತ್ತು ಮಕ್ಕಳೂ ಗಕ್ಕನೆ ನಿಂತರು.
ಅವನಿಗೆ ಕೇಳಿತೋ, ಹಳೇ ಬಸ್ಸಿಗೇ ನೆನಪಾಯಿತೋ,
ವೇಗ ಇಳಿಯಿತು.
ರಂಜಿತಾ ಹಿಂದೆ ನೋಡಿದಳು,
ಹೆಗಲಿನಿಂದ ಬೆರಳ ತುದಿ ತನಕ ಕೈ ಚಾಚಿದಳು,
ತಿರುಗಿದಳು.

"ಅಜ್ಜ, ಎರಡು ಸಲ ಊದು"
ಮೆಲ್ವಿನ್ ಅಂಗಿ ಎಳೆಯುವ ತನಕ
ಹನ್ನೊಂದು ಜನ ಅಲ್ಲೇ ನಿಂತಿದ್ದೆವು.

ಗೇಟಲ್ಲಿ ಟೀಚರ್ ಎಣಿಸಿದರು. ಹತ್ತು.
ಹುಬ್ಬೇರಿಸಿದರು.
ಸೈಕಲ್ ನಿಲ್ಲಿಸಿದ ಕಡೆ ಕೈ ತೋರಿಸಿದೆ:
ಬೆಲ್ಲಿನ ಸಂದಿಯಲ್ಲಿ
ಅವಳೇ ಕಿತ್ತು ಸಿಕ್ಕಿಸಿದ್ದ ಹಲಸಿನೆಲೆ.